ವಿಶ್ವಸಾಹಿತ್ಯ ಮತ್ತು ಸಿನಿಮಾದಲ್ಲಿ ಎಂ.ಎ.: ಪದೇ ಪದೇ ಕೇಳುವ ಪ್ರಶ್ನೆಗಳು

ಸಮಕಾಲೀನ ವಿಶ್ವಸಾಹಿತ್ಯ ಮತ್ತು ಸಿನಿಮಾವನ್ನು ಸ್ನಾತಕೋತ್ತರ ಮಟ್ಟದಲ್ಲಿ ಓದಬೇಕೆಂದಿರುವ ಕನ್ನಡದ ಹುಡುಗ ಹುಡುಗಿಯರು, ಅವರ ಅಪ್ಪ ಅಮ್ಮಂದಿರು, ಒಮ್ಮೊಮ್ಮೆ ಅವರ ಕಾಲೇಜಿನ ಮೇಷ್ಟ್ರುಗಳೂ ಕೇಳುತ್ತ ಬಂದ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತನ್ನು ತಿದ್ದಲು ಹೋಗಿಲ್ಲ. ಪ್ರವೇಶದ ದಿನಾಂಕ, ಶುಲ್ಕ, ಸೀಟುಗಳ ಲೆಕ್ಕ ವರ್ಷ ವರ್ಷವೂ ಬದಲಾಗುವುದರಿಂದ ಅವುಗಳಿಗೆ ಕೈಹಾಕಿಲ್ಲ. ಅವನ್ನು ಆಯಾ ವಿಶ್ವವಿದ್ಯಾಲಯದ ಪ್ರಕಟಣೆಯಲ್ಲೇ ನೋಡಿಕೊಳ್ಳಿ.

## ಸೇರುವ ಮೊದಲು

ವಿಶ್ವಸಾಹಿತ್ಯ ಅಂದ್ರೆ ಇಂಗ್ಲಿಷ್ ಎಂ.ಎ.ಗೇ ಇನ್ನೊಂದು ಹೆಸರಾ ಮೇಡಂ?

ಅಲ್ಲ. ಇಂಗ್ಲಿಷ್ ಎಂ.ಎ. ಬಹುಪಾಲು ಒಂದೇ ಭಾಷೆಯ ಸಾಹಿತ್ಯ ಚರಿತ್ರೆಯ ಬೆನ್ನು ಹಿಡಿದು ನಡೆಯುತ್ತದೆ: ಚಾಸರ್, ಶೇಕ್ಸ್‌ಪಿಯರ್, ರೊಮ್ಯಾಂಟಿಕ್ ಕವಿಗಳು, ಕೊನೆಗೆ ಭಾರತೀಯ ಇಂಗ್ಲಿಷ್ ಬರಹ. ವಿಶ್ವಸಾಹಿತ್ಯದ ತರಗತಿಯಲ್ಲಿ ಒಂದು ಪ್ರಶ್ನೆಯನ್ನು ಮುಂದಿಟ್ಟುಕೊಂಡು ನಾಲ್ಕೈದು ಭಾಷೆಗಳ ಕೃತಿಗಳನ್ನು ಓದುತ್ತಾರೆ. ಊರು ಬಿಟ್ಟವರು ಊರಿನ ಬಗ್ಗೆ ಹೇಗೆ ಬರೆಯುತ್ತಾರೆ? ಸೆನ್ಸಾರ್ ಬಿಗಿಯಾಗಿರುವ ದೇಶದಲ್ಲಿ ಕತೆ ಯಾವ ದಾರಿ ಹಿಡಿಯುತ್ತದೆ? ಇಂಥವು. ನಮ್ಮ ದೇಶದಲ್ಲಿ ಈ ಕೋರ್ಸು ಹೆಚ್ಚಾಗಿ ಸಿಗುವುದು ‘ತೌಲನಿಕ ಸಾಹಿತ್ಯ’ (ಕಂಪ್ಯಾರೆಟಿವ್ ಲಿಟರೇಚರ್) ಎಂಬ ಹೆಸರಿನಲ್ಲಿ, ಹುಡುಕುವಾಗ ಅದನ್ನೂ ಹಾಕಿ ನೋಡಿ.

ಇದು ನಿನ್ನೆ ಮೊನ್ನೆ ಹೊರಗಿನಿಂದ ಬಂದ ಫ್ಯಾಶನ್ ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಜರ್ಮನ್ ಕವಿ ಗಯಟೆ ಚೀನೀ ಕಾದಂಬರಿಯೊಂದನ್ನು ಓದುತ್ತ ವಿಶ್ವಸಾಹಿತ್ಯದ ಮಾತೆತ್ತಿದ್ದು 1827ರಲ್ಲಿ. ರವೀಂದ್ರನಾಥ ಠಾಕೂರರು ಕಲ್ಕತ್ತೆಯಲ್ಲಿ ‘ವಿಶ್ವಸಾಹಿತ್ಯ’ ಎಂದೇ ಹೆಸರಿಟ್ಟು ಉಪನ್ಯಾಸ ಕೊಟ್ಟದ್ದು 1907ರಲ್ಲಿ. ಜಾದವಪುರ ವಿಶ್ವವಿದ್ಯಾಲಯದಲ್ಲಿ ಬುದ್ಧದೇವ ಬಸು ಅವರು ತೌಲನಿಕ ಸಾಹಿತ್ಯ ವಿಭಾಗ ಕಟ್ಟಿದ್ದು 1956ರಲ್ಲಿ. ಕರ್ನಾಟಕ ಏಕೀಕರಣದ ವರ್ಷವೇ.

ಸಾಹಿತ್ಯದ ಜೊತೆ ಸಿನಿಮಾ ಯಾಕೆ? ಕಾದಂಬರಿ ಆಧರಿಸಿದ ಸಿನಿಮಾ ನೋಡಿ, ಪುಸ್ತಕ ಚೆನ್ನಾಗಿತ್ತು ಅನ್ನೋದಾ?

ಆ ಜಗಳಕ್ಕೆ ಎರಡು ವರ್ಷ ಬೇಕಿಲ್ಲ. ಕಾದಂಬರಿ ಸಿನಿಮಾ ಆಗುವುದು ಈ ಓದಿನ ಒಂದು ಸಣ್ಣ ಮೂಲೆ ಮಾತ್ರ.

ಹೆಚ್ಚು ಹೊತ್ತು ಹೋಗುವುದು ಕೃತಿಗಳು ಹೇಗೆ ಪ್ರಯಾಣ ಮಾಡುತ್ತವೆ ಎಂಬುದಕ್ಕೆ. ‘ತಿಥಿ’ಯನ್ನೇ ತೆಗೆದುಕೊಳ್ಳಿ. ಮಂಡ್ಯದ ಹಳ್ಳಿಯಲ್ಲಿ, ಮೊದಲು ನಟಿಸಿರದ ಊರವರನ್ನೇ ಹಾಕಿಕೊಂಡು, ಅಲ್ಲಿನ ಮಾತಿನಲ್ಲೇ ತೆಗೆದ ಚಿತ್ರ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಪಡೆದ ಮೇಲೆ ಅದು ಬೆಂಗಳೂರಿನ ಮಲ್ಟಿಪ್ಲೆಕ್ಸಿಗೆ ಬಂತು. ಮಂಡ್ಯದ ಚಿತ್ರ ಬೆಂಗಳೂರಿಗೆ ಬರಲು ಲೊಕಾರ್ನೊ ಸುತ್ತಿ ಬರಬೇಕಾಯಿತೇಕೆ? ಆ ಮಾತಿನ ಧಾಟಿ ಸಬ್‌ಟೈಟಲ್‌ನಲ್ಲಿ ಏನಾಯಿತು? ಅಲ್ಲಿ ನಕ್ಕವರು ಮತ್ತು ಇಲ್ಲಿ ನಕ್ಕವರು ಒಂದೇ ಕಡೆ ನಕ್ಕರೇ? ಅನುವಾದಗೊಂಡ ಕಾದಂಬರಿಗೂ ಇವೇ ಪ್ರಶ್ನೆಗಳು ಬರುತ್ತವೆ: ಪ್ರಶಸ್ತಿ, ಪ್ರಕಾಶಕ, ಅನುವಾದಕ, ದೂರದ ಓದುಗ. ಎರಡನ್ನೂ ಒಂದೇ ಕೊಠಡಿಯಲ್ಲಿ ಓದುವುದು ಇದಕ್ಕೇ.

‘ಸಮಕಾಲೀನ’ ಅಂದ್ರೆ ಯಾವ ವರ್ಷದಿಂದ?

ಒಂದೊಂದು ವಿಭಾಗ ಒಂದೊಂದು ಗೆರೆ ಎಳೆಯುತ್ತದೆ. ಕೆಲವರಿಗೆ 1945, ಕೆಲವರಿಗೆ ಬರ್ಲಿನ್ ಗೋಡೆ ಬಿದ್ದ 1989, ಇನ್ನು ಕೆಲವರಿಗೆ 2000. ಸಿಲಬಸ್ ತೆರೆದು ಅತ್ಯಂತ ಹಳೆಯ ಪಠ್ಯ ಯಾವುದು ಎಂದು ನೋಡಿ, ಗೊತ್ತಾಗುತ್ತದೆ.

ನಾನು ಬಿ.ಎ. ಮಾಡಿದ್ದು ಕನ್ನಡ ಮೀಡಿಯಂ. ಐಚ್ಛಿಕ ಕನ್ನಡ, ಇತಿಹಾಸ. ನನ್ ಕೈಲಿ ಆಗುತ್ತಾ?

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದು. ಕೇಳುವವರ ದನಿಯಲ್ಲೇ ‘ಆಗಲ್ಲ’ ಎಂಬ ಉತ್ತರ ಮೊದಲೇ ಕೂತಿರುತ್ತದೆ.

ಆಗುತ್ತದೆ. ಮೊದಲ ಸೆಮಿಸ್ಟರ್ ಮಾತ್ರ ಹೈರಾಣ ಮಾಡುತ್ತದೆ. ತೊಂದರೆ ಬುದ್ಧಿಯದ್ದಲ್ಲ, ವೇಗದ್ದು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು ಒಂದು ಸಂಜೆಯಲ್ಲಿ ಮುಗಿಸುವ ಲೇಖನಕ್ಕೆ ನಿಮಗೆ ಮೂರು ಸಂಜೆ ಹಿಡಿಯುತ್ತದೆ. ಅದಕ್ಕೆ ಮದ್ದು ಸೇರುವ ಮುಂಚಿನ ಬೇಸಿಗೆಯಲ್ಲೇ ಶುರುವಾಗಬೇಕು. ಕನ್ನಡದಲ್ಲಿ ಈಗಾಗಲೇ ಅರೆದು ಕುಡಿದ ಪುಸ್ತಕದ ಇಂಗ್ಲಿಷ್ ಅನುವಾದ ಹಿಡಿಯಿರಿ. 1965ರ ‘ಸಂಸ್ಕಾರ’ ಓದಿದ್ದೀರಾದರೆ 1976ರಲ್ಲಿ ಬಂದ ಎ.ಕೆ. ರಾಮಾನುಜನ್ ಅನುವಾದ ಓದಿ. ಪ್ರಾಣೇಶಾಚಾರ್ಯನ ಕತೆ ಗೊತ್ತಿರುವುದರಿಂದ ಡಿಕ್ಷನರಿಗೆ ಓಡುವ ಅಗತ್ಯ ಬೀಳುವುದಿಲ್ಲ. ಓದಿನ ಓಟ ಕೂಡಿಬರುವುದರ ಜೊತೆಗೆ ರಾಮಾನುಜನ್ ಎಲ್ಲಿ ಏನು ಮಾಡಿದ್ದಾರೆ ಎಂಬುದೂ ಕಣ್ಣಿಗೆ ಬೀಳತೊಡಗುತ್ತದೆ. ಅದು ನಿಮ್ಮ ಮೊದಲ ತೌಲನಿಕ ಓದು.

ಇನ್ನು ನಿಮ್ಮ ಕೈಯಲ್ಲಿ ಇರುವುದರ ಲೆಕ್ಕ. ಪಂಪನ ಒಂದು ವೃತ್ತವನ್ನು ಬಿಡಿಸಿ ಅರ್ಥ ಹೇಳಬಲ್ಲಿರಿ. ವಚನ, ಕೀರ್ತನೆ, ನವೋದಯ, ನವ್ಯ, ದಲಿತ–ಬಂಡಾಯ ಎಂಬ ಸಾಲು ನಿಮಗೆ ಬಾಯಿಪಾಠ. ಇಂಗ್ಲಿಷೊಂದೇ ಓದಿಕೊಂಡು ಬಂದ ಸಹಪಾಠಿಗೆ ಒಂದು ಸಾಹಿತ್ಯವನ್ನು ಮೂಲದಲ್ಲಿ, ಒಳಗಿನಿಂದ ತಿಳಿದ ಎರಡನೇ ಭಾಷೆ ಇರುವುದಿಲ್ಲ. ಈ ಶಾಸ್ತ್ರ ಕೇಳುವುದು ಅದನ್ನೇ. ತರಗತಿಯಲ್ಲಿ ‘ನನ್ನ ಇಂಗ್ಲಿಷ್ ಚೆನ್ನಾಗಿಲ್ಲ, ಕ್ಷಮಿಸಿ’ ಎಂದು ಮಾತು ಶುರುಮಾಡುವ ಅಭ್ಯಾಸವನ್ನು ಊರಲ್ಲೇ ಬಿಟ್ಟು ಬನ್ನಿ.

ನಂದು ಬಿ.ಇ. ಸೇರಿಸ್ಕೋತಾರಾ?

ಹಲವು ಕಡೆ ಯಾವುದೇ ಪದವಿ ಇದ್ದರೂ ಅರ್ಹತೆ ಇದೆ, ಅಂಕದ ಮಿತಿ ಇರುತ್ತದೆ. ಮುಂದೆ ಅಧ್ಯಾಪಕ ಹುದ್ದೆಯ ಆಸೆ ಇದ್ದರೆ ಕೆಲಸದ ಪ್ರಶ್ನೆಗೆ ಕೆಳಗೆ ಕೊಟ್ಟಿರುವ ಉತ್ತರವನ್ನು ಈಗಲೇ ಓದಿ.

ಕರ್ನಾಟಕದೊಳಗೇ ಐತೇನ್ರಿ, ಹೊರಗ ಹೋಗಬೇಕೇನು?

ಸಾಹಿತ್ಯ ಮತ್ತು ಸಿನಿಮಾ ಎರಡನ್ನೂ ಸಮವಾಗಿ ಹಿಡಿಯಬೇಕೆಂದರೆ ಹೊರಗೆ ಹೋಗುವುದೇ ಲೇಸು. ಜಾದವಪುರದಲ್ಲಿ ತೌಲನಿಕ ಸಾಹಿತ್ಯವೂ ಇದೆ, 1993ರಲ್ಲಿ ಶುರುವಾದ ಫಿಲ್ಮ್ ಸ್ಟಡೀಸ್ ವಿಭಾಗವೂ ಇದೆ. ಹೈದರಾಬಾದಿನಲ್ಲಿ ಎರಡು ಬಾಗಿಲು: ಹೈದರಾಬಾದ್ ವಿಶ್ವವಿದ್ಯಾಲಯದ ತೌಲನಿಕ ಸಾಹಿತ್ಯ ಕೇಂದ್ರ, ಮತ್ತು ಇಫ್ಲು, ಅಂದರೆ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ. ಇಫ್ಲುವಿನಲ್ಲಿ ತೌಲನಿಕ ಸಾಹಿತ್ಯಕ್ಕೊಂದು, ಸಿನಿಮಾ ಮತ್ತು ದೃಶ್ಯ ಸಂಸ್ಕೃತಿಗೊಂದು ವಿಭಾಗ ಇರುವುದಲ್ಲದೆ ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಅರಬ್ಬಿಯಂಥ ಭಾಷೆಗಳೂ ಅದೇ ಆವರಣದಲ್ಲಿ ಸಿಗುತ್ತವೆ. ಬೀದರ, ಕಲಬುರಗಿ, ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ದೆಹಲಿಯ ಜೆಎನ್‌ಯುವಿನ ಸ್ಕೂಲ್ ಆಫ್ ಆರ್ಟ್ಸ್ ಅಂಡ್ ಏಸ್ಥೆಟಿಕ್ಸ್‌ನಲ್ಲಿ ಸಿನಿಮಾ, ರಂಗಭೂಮಿ, ದೃಶ್ಯಕಲೆ ಒಟ್ಟಿಗೇ ಇವೆ.

ಕರ್ನಾಟಕದೊಳಗೆ ಕನ್ನಡ ಮತ್ತು ಇಂಗ್ಲಿಷ್ ಎಂ.ಎ.ಗಳಲ್ಲಿ ತೌಲನಿಕ ಸಾಹಿತ್ಯ, ಅನುವಾದ, ಸಿನಿಮಾ ಒಂದೊಂದು ಪತ್ರಿಕೆಯಾಗಿ ಬರುತ್ತವೆ. ಮನೆ ಬಿಟ್ಟು ಹೋಗಲಾಗದವರು ಅದನ್ನು ಕೀಳಾಗಿ ಕಾಣಬೇಕಿಲ್ಲ. ಅಲ್ಲಿ ಸೇರಿ, ಉಳಿದದ್ದನ್ನು ಹೊರಗಿನಿಂದ ತುಂಬಿಕೊಳ್ಳಬಹುದು. ಹೆಗ್ಗೋಡಿನ ನೀನಾಸಂ ಸಂಸ್ಕೃತಿ ಶಿಬಿರ, ಪುಣೆಯ ಚಲನಚಿತ್ರ ತರಬೇತಿ ಸಂಸ್ಥೆ ಎಫ್‌ಟಿಐಐ ನಡೆಸುವ ಫಿಲ್ಮ್ ಅಪ್ರಿಸಿಯೇಶನ್ ಕೋರ್ಸು, 1971ರಿಂದ ಬೆಂಗಳೂರಿನಲ್ಲಿರುವ ಸುಚಿತ್ರ ಫಿಲ್ಮ್ ಸೊಸೈಟಿ ಇವೆಲ್ಲ ಇರುವುದು ಅದಕ್ಕೇ.

ಇದು ಓದಿದ್ರೆ ಡೈರೆಕ್ಟರ್ ಆಗಬಹುದಾ?

ಇದು ನೋಡುವುದನ್ನು, ಬರೆಯುವುದನ್ನು ಕಲಿಸುವ ಓದು. ಕ್ಯಾಮೆರಾ ಕೈಗೆ ಬರುವುದಿಲ್ಲ. ನಿರ್ದೇಶನ, ಸಂಕಲನ, ಛಾಯಾಗ್ರಹಣ ಬೇಕಾದರೆ ಪುಣೆಯ ಎಫ್‌ಟಿಐಐ, ಕೋಲ್ಕತ್ತದ ಸತ್ಯಜಿತ್ ರೇ ಸಂಸ್ಥೆಯಂಥ ಕಡೆಗೆ ಅರ್ಜಿ ಹಾಕಿ. ಗಿರೀಶ ಕಾಸರವಳ್ಳಿ ಅವರು ಕಲಿತದ್ದು ಪುಣೆಯಲ್ಲಿ.

ಎಂಟ್ರೆನ್ಸ್‌ಗೆ ಏನು ಓದ್ಕೋಬೇಕು? ಗೈಡ್ ಯಾವುದು?

ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಹಲವು ಸಿಯುಇಟಿ–ಪಿಜಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆಯ ಅಂಕ ನೋಡುತ್ತವೆ. ಅದು ಕಂಪ್ಯೂಟರಿನಲ್ಲಿ ಬರೆಯುವ, ನಾಲ್ಕರಲ್ಲಿ ಒಂದು ಗುರುತಿಸುವ ಪರೀಕ್ಷೆ. ಇನ್ನು ಕೆಲವು ಕಡೆ ಅವರದೇ ಲಿಖಿತ ಪರೀಕ್ಷೆ, ಸಂದರ್ಶನ. ಮೊದಲನೆಯದಕ್ಕೆ ಹಳೆಯ ಪ್ರಶ್ನೆಪತ್ರಿಕೆ ಸಾಕು. ಎರಡನೆಯದಕ್ಕೆ ಗೈಡ್ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಒಂದು ಅಪರಿಚಿತ ಕವಿತೆಯನ್ನೋ ಸಿನಿಮಾದ ಸ್ಥಿರಚಿತ್ರವನ್ನೋ ಕೊಟ್ಟು ಬರೆಯಿರಿ ಎನ್ನಬಹುದು. ದಿನಾ ಒಂದು ಪುಟ ಬರೆದು ರೂಢಿ ಮಾಡಿಕೊಂಡವರು ಅಲ್ಲಿ ಗೆಲ್ಲುತ್ತಾರೆ.

## ತರಗತಿ ಶುರುವಾದ ಮೇಲೆ

ವಾರಕ್ಕೆ ಎಷ್ಟು ಪುಸ್ತಕ, ಎಷ್ಟು ಸಿನಿಮಾ? ಸಾರಾಂಶ ಓದಿ ಸುಧಾರಿಸಬಹುದಾ ಮಾರಾಯ್ರೆ?

ಒಂದು ಕಾದಂಬರಿ, ಒಂದೆರಡು ಸಿನಿಮಾ, ಎರಡು ಮೂರು ಲೇಖನ ಎಂದಿಟ್ಟುಕೊಳ್ಳಿ. ಸಾರಾಂಶ ಓದಿ, ಇಲ್ಲವೇ ಚಾಟ್‌ಬಾಟ್ ಕೇಳಿ ಪಾಸಾಗುವವರು ಇದ್ದಾರೆ. ಸೆಮಿನಾರಿನಲ್ಲಿ ‘ಈ ಪುಟದ ಮೂರನೇ ಸಾಲು ಹೀಗೇಕಿದೆ’ ಎಂದು ಕೇಳಿದಾಗ ಮಾತ್ರ ಅವರ ಮುಖ ನೋಡಲಾಗುವುದಿಲ್ಲ.

ಸಿನಿಮಾ ಬಗ್ಗೆ ಬರೆಯೋಕೆ ಕೂತ್ರೆ ಕಥೆ ಹೇಳಿ ಮುಗಿಸ್ಬಿಡ್ತೀನಿ. ಏನ್ ಮಾಡ್ಲಿ?

ಸಾಹಿತ್ಯದಿಂದ ಬಂದವರೆಲ್ಲರ ಕಾಯಿಲೆ ಇದು. ಕತೆ ಹೇಳುವುದು ಅಭ್ಯಾಸ, ಚಿತ್ರ ನೋಡುವುದು ಅಭ್ಯಾಸವಿಲ್ಲ.

ಐದು ನಿಮಿಷದ ಒಂದು ತುಣುಕನ್ನು ಆರಿಸಿ. ಮೊದಲ ಸಲ ಸದ್ದು ಬಂದ್ ಮಾಡಿ ನೋಡಿ. ಎರಡನೇ ಸಲ ಕಣ್ಣು ಮುಚ್ಚಿ ಸದ್ದು ಮಾತ್ರ ಕೇಳಿ: ಮಾತು, ಹೆಜ್ಜೆ, ದೂರದ ಲಾರಿ, ಸಂಗೀತ ಎಲ್ಲಿಂದ ಎಲ್ಲಿಗೆ. ಮೂರನೇ ಸಲ ನೋಟ್‌ಬುಕ್ ಹಿಡಿದು ಪ್ರತಿ ಕಟ್‌ಗೂ ನಿಲ್ಲಿಸಿ. ಶಾಟ್ ಎಷ್ಟು ಸೆಕೆಂಡ್, ಕ್ಯಾಮೆರಾ ಎಲ್ಲಿದೆ, ಚಲಿಸುತ್ತಿದೆಯೇ, ಫ್ರೇಮಿನಲ್ಲಿ ಯಾರಿದ್ದಾರೆ, ಮಾತಾಡುತ್ತಿರುವವರು ಫ್ರೇಮಿನೊಳಗೆ ಇದ್ದಾರೆಯೇ ಇಲ್ಲವೇ. ಬೇಸರದ ಕೆಲಸ. ಹತ್ತು ಹನ್ನೆರಡು ಶಾಟ್ ಆಗುವಷ್ಟರಲ್ಲಿ ಏನೋ ಒಂದು ವರಸೆ ಕಾಣಿಸಿಕೊಳ್ಳುತ್ತದೆ. ನಿಮ್ಮ ಲೇಖನ ಅಲ್ಲಿಂದ ಹೊರಡಬೇಕು.

ಅಭ್ಯಾಸಕ್ಕೆ ಇರಾನಿನ ಅಬ್ಬಾಸ್ ಕಿಯರೊಸ್ತಮಿಯ ‘ಟೆನ್’ (2002) ಕೊಡುತ್ತೇನೆ. ಇಡೀ ಚಿತ್ರ ತೆಹ್ರಾನಿನಲ್ಲಿ ಓಡುವ ಒಂದು ಕಾರಿನೊಳಗೆ ನಡೆಯುತ್ತದೆ. ಡ್ಯಾಶ್‌ಬೋರ್ಡಿಗೆ ಸಿಕ್ಕಿಸಿದ ಸಣ್ಣ ಡಿಜಿಟಲ್ ಕ್ಯಾಮೆರಾಗಳು, ಒಂದು ಓಡಿಸುವವಳ ಕಡೆ, ಇನ್ನೊಂದು ಪಕ್ಕದ ಸೀಟಿನ ಕಡೆ. ಮೊದಲ ಕಂತಿನಲ್ಲಿ ಹುಡುಗ ತಾಯಿಯ ಮೇಲೆ ಕೂಗಾಡುವಾಗ ಬಹಳ ಹೊತ್ತಿನವರೆಗೆ ಅವನ ಮುಖ ಮಾತ್ರ ಕಾಣುತ್ತದೆ, ತಾಯಿಯ ದನಿ ಮಾತ್ರ ಕೇಳುತ್ತದೆ. ‘ತಾಯಿ ಮಗನ ಜಗಳ’ ಎಂದು ಬರೆದರೆ ಕತೆ. ‘ತಾಯಿಯನ್ನು ಇಷ್ಟು ಹೊತ್ತು ಏಕೆ ತೋರಿಸುತ್ತಿಲ್ಲ’ ಎಂದು ಕೇಳಿದರೆ ಸಿನಿಮಾದ ಬಗ್ಗೆ ಬರೆಯತೊಡಗಿದಿರಿ.

ಎಲ್ಲಾನೂ ಇಂಗ್ಲಿಷ್ ಅನುವಾದದಲ್ಲೇ ಓದೋದಾದ್ರೆ ಅದನ್ನ ವಿಶ್ವಸಾಹಿತ್ಯ ಅಂತ ಹೇಗೆ ಕರೀತೀರಿ?

ಈ ಪ್ರಶ್ನೆ ಕೇಳಿದವರಿಗೆ ನಾನು ಮೊದಲು ಕೈಮುಗಿಯುತ್ತೇನೆ, ಯಾಕೆಂದರೆ ಈ ಶಾಸ್ತ್ರದೊಳಗಿನ ದೊಡ್ಡ ವಾದವೇ ಇದು. ಅಮೆರಿಕದ ವಿದ್ವಾಂಸ ಡೇವಿಡ್ ಡ್ಯಾಮ್ರೋಶ್ 2003ರಲ್ಲಿ ಹೇಳಿದ್ದು: ಹುಟ್ಟಿದ ಸಂಸ್ಕೃತಿಯ ಆಚೆಗೆ, ಅನುವಾದದಲ್ಲಾದರೂ ಮೂಲದಲ್ಲಾದರೂ, ಓಡಾಡುವ ಕೃತಿಗಳೆಲ್ಲ ವಿಶ್ವಸಾಹಿತ್ಯ, ಒಳ್ಳೆಯ ಕೃತಿ ಅನುವಾದದಲ್ಲಿ ಪಡೆದುಕೊಳ್ಳುವುದೂ ಉಂಟು. ಎಮಿಲಿ ಆಪ್ಟರ್ 2013ರಲ್ಲಿ ಎದುರು ನಿಂತರು: ಅನುವಾದಕ್ಕೆ ಬಗ್ಗದೆ ಉಳಿಯುವುದನ್ನು ಮರೆತರೆ ಎಲ್ಲವೂ ಒಂದೇ ಅಂಗಡಿಯ ಸರಕಾಗುತ್ತದೆ ಎಂಬುದು ಅವರ ತಕರಾರು. ಆಮೀರ್ ಮುಫ್ತಿ 2016ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈ ಕಲ್ಪನೆಯ ಹಿಂದೆ ಇಂಗ್ಲಿಷಿನ ಮತ್ತು ವಸಾಹತುಶಾಹಿಯ ಯಜಮಾನಿಕೆ ಹೇಗೆ ಕೆಲಸ ಮಾಡಿದೆ ಎಂದು ಬಿಡಿಸಿದರು.

ಕನ್ನಡದವರಿಗೆ ಇದನ್ನು ಮನೆಯಲ್ಲೇ ಪರೀಕ್ಷಿಸುವ ಅವಕಾಶ ಇದೆ. ಬಾನು ಮುಷ್ತಾಕ್ ಅವರ ಕತೆಗಳ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪಡೆಯಿತು. 50,000 ಪೌಂಡಿನಲ್ಲಿ ಅರ್ಧ ಲೇಖಕಿಗೆ, ಅರ್ಧ ಅನುವಾದಕಿ ದೀಪಾ ಭಾಸ್ತಿ ಅವರಿಗೆ. ಆ ಪುಸ್ತಕದ 12 ಕತೆಗಳು 1990ರಿಂದ 2023ರವರೆಗೆ ಬೇರೆ ಬೇರೆ ಕಡೆ ಬಂದವು. ಅಂದರೆ ಜಗತ್ತು ಓದುತ್ತಿರುವ ಆ ಪುಸ್ತಕ, ಆ ಜೋಡಣೆಯಲ್ಲಿ, ಇಂಗ್ಲಿಷಿಗಾಗಿ ರೂಪುಗೊಂಡದ್ದು. ಯಾವ ಕತೆ ಒಳಗೆ ಬಂತು, ಯಾವುದು ಹೊರಗುಳಿಯಿತು, ಮೊದಲ ಕತೆ ಯಾವುದು? ಕನ್ನಡದ, ಉರ್ದುವಿನ, ಅರಬ್ಬಿಯ ಮಾತುಗಳನ್ನು ಅನುವಾದಕಿ ಓರೆ ಅಕ್ಷರದಲ್ಲಿ ಹಾಕಲಿಲ್ಲ, ಅಡಿಟಿಪ್ಪಣಿಯನ್ನೂ ಕೊಡಲಿಲ್ಲ. ಅರ್ಥವಾಗದ ಕಡೆ ಓದುಗರು ಸ್ವಲ್ಪ ಕಷ್ಟಪಡಲಿ ಎಂಬ ನಿಲುವು ಅದು. ಡ್ಯಾಮ್ರೋಶ್ ಸರಿಯೋ ಆಪ್ಟರ್ ಸರಿಯೋ ಎಂದು ತೀರ್ಪು ಕೊಡುವ ಮೊದಲು ಒಂದು ಕತೆಯ ಎರಡೂ ಪಠ್ಯ ಪಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ಹೋಗಿ. ಜಗತ್ತಿನ ಬಹುಪಾಲು ತರಗತಿಗಳಲ್ಲಿ ಈ ಪುಸ್ತಕ ಓದುತ್ತಿರುವವರಿಗೆ ಆ ಕೆಲಸ ಸಾಧ್ಯವಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಅನುವಾದದಲ್ಲಿ ಓದುವುದು ತಪ್ಪಲ್ಲ, ಅನುವಾದ ಎಂಬುದನ್ನು ಮರೆತು ಓದುವುದು ತಪ್ಪು. ಕೊರಿಯನ್ ಕಾದಂಬರಿಯ ‘ಸರಳ ಗದ್ಯ’ವನ್ನು ಹೊಗಳುವ ಮುನ್ನ ಆ ಸರಳತೆ ಯಾರದ್ದು ಎಂದು ಕೇಳಿಕೊಳ್ಳಿ.

ಥಿಯರಿ ತಲೆಗೆ ಹತ್ತಲ್ಲ. ಎಲ್ಲಿಂದ ಶುರು ಮಾಡೋದು?

ಥಿಯರಿಯನ್ನು ಮಂತ್ರದ ಹಾಗೆ ಬಾಯಿಪಾಠ ಮಾಡಿದರೆ ಹತ್ತುವುದಿಲ್ಲ. ಒಬ್ಬ ಮನುಷ್ಯ ಒಂದು ಮಾತು ಹೇಳುತ್ತಿದ್ದಾನೆ, ನಿಜವೇ ಎಂದು ನೋಡೋಣ ಅಂದುಕೊಂಡು ಓದಿ.

ಇಟಲಿಯ ವಿಮರ್ಶಕ ಫ್ರಾಂಕೊ ಮೊರೆಟ್ಟಿ 2000ದಲ್ಲಿ ಬರೆದ ಒಂದು ಚಿಕ್ಕ ಲೇಖನದ ವಾದ ಸ್ಥೂಲವಾಗಿ ಇದು: ಪಶ್ಚಿಮ ಯುರೋಪಿನ ಆಚೆ ಕಾದಂಬರಿ ಹುಟ್ಟುವುದು ಒಂದು ರಾಜಿಯಿಂದ, ಆಕಾರ ಹೊರಗಿನದು, ವಸ್ತು ಊರಿನದು, ಕತೆ ಹೇಳುವ ದನಿಯೂ ಊರಿನದು. ಈಗ ಕನ್ನಡಕ್ಕೆ ಬನ್ನಿ. ಮೊದಲ ಸಾಮಾಜಿಕ ಕಾದಂಬರಿ ಎನ್ನಿಸಿಕೊಂಡ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಂದದ್ದು 1899ರಲ್ಲಿ, ಕರಾವಳಿಯಲ್ಲಿ. ಬಾಲವಿಧವೆಯ ಕತೆ. ಮೊರೆಟ್ಟಿಯ ಸೂತ್ರ ಕೂರುತ್ತದೆಯೇ? ಸುಮಾರಾಗಿ ಕೂರುತ್ತದೆ. ಆದರೆ ಕೆಂಪುನಾರಾಯಣನ ‘ಮುದ್ರಾಮಂಜೂಷ’ 1823ರದು, ಅದು ಸಂಸ್ಕೃತ ನಾಟಕದ ಕತೆಯನ್ನು ಗದ್ಯಕ್ಕೆ ತಂದದ್ದು. ಅದನ್ನು ಯಾವ ಮನೆಯಲ್ಲಿ ಇಡುತ್ತೀರಿ? ಸೂತ್ರ ಅಲುಗಾಡುವುದು ಅಲ್ಲಿ. ಹಾಗೆ ಒಂದು ಸೂತ್ರವನ್ನು ಅಲುಗಾಡಿಸಿ ನೋಡಿದ ಮೇಲೆ ಫ್ರಾನ್ಸಿನ ವಿಮರ್ಶಕಿ ಪಾಸ್ಕಲ್ ಕಸನೋವಾ 1999ರಲ್ಲಿ ಪ್ಯಾರಿಸನ್ನು ಸಾಹಿತ್ಯ ಲೋಕದ ರಾಜಧಾನಿ ಎಂದು ಕರೆದದ್ದೂ ಭಯ ಹುಟ್ಟಿಸುವುದಿಲ್ಲ, ಜಗಳ ಕಾಯುವ ಉಮೇದು ಹುಟ್ಟಿಸುತ್ತದೆ. ಸಿನಿಮಾ ಕಡೆಗೆ ಬಂದರೆ ಅರ್ಜೆಂಟೀನಾದ ನಿರ್ದೇಶಕರಾದ ಸೊಲಾನಸ್ ಮತ್ತು ಗೆಟಿನೊ 1969ರಲ್ಲಿ ಹೊರಡಿಸಿದ ‘ಮೂರನೇ ಸಿನಿಮಾ’ ಪ್ರಣಾಳಿಕೆ ಮೊದಲ ಓದಿಗೆ ಒಳ್ಳೆಯದು. ಕರಪತ್ರದ ಹಾಗಿದೆ, ಜಡವಾಗಿಲ್ಲ.

ಇನ್ನೊಂದು ಭಾಷೆ ಕಲೀಲೇಬೇಕಾ?

ಎಂ.ಎ.ಗೆ ಕಡ್ಡಾಯವೋ ಅಲ್ಲವೋ ವಿಭಾಗ ಹೇಳುತ್ತದೆ. ಪಿಎಚ್‌.ಡಿ. ಮಾಡುವವರು ಕಲಿಯಲೇಬೇಕು ಎಂಬುದು ನನ್ನ ಹಟ. ಫ್ರೆಂಚಿಗೆ ಅಲಿಯಾನ್ಸ್ ಫ್ರಾನ್ಸೇಸ್, ಜರ್ಮನಿಗೆ ಮ್ಯಾಕ್ಸ್ ಮುಲ್ಲರ್ ಭವನ ಬೆಂಗಳೂರಿನಲ್ಲೇ ಇವೆ. ಬಿ1 ಎಂಬ ಮಧ್ಯಮ ಹಂತ ದಾಟಿದರೆ ಡಿಕ್ಷನರಿ ಹಿಡಿದು ಪತ್ರಿಕೆ ಓದಬಹುದು.

ಅರ್ಜಿಯ ‘ತಿಳಿದಿರುವ ಭಾಷೆಗಳು’ ಕಾಲಂನಲ್ಲಿ ನಮ್ಮ ಹುಡುಗರು ಕನ್ನಡ, ಇಂಗ್ಲಿಷ್, ಹಿಂದಿ ಎಂದು ಬರೆದು ನಿಲ್ಲಿಸುತ್ತಾರೆ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ದಖನಿ ಉರ್ದು, ಲಂಬಾಣಿ, ತೆಲುಗು ಆಡುತ್ತಿರುತ್ತಾರೆ. ಅದನ್ನು ಬರೆಯಿರಿ. ಲಿಪಿ ಬರದಿದ್ದರೆ ಎರಡು ತಿಂಗಳಲ್ಲಿ ಕಲಿಯಿರಿ. ತೆಲುಗು, ಉರ್ದು, ಮರಾಠಿ ಓದಬಲ್ಲ ಕನ್ನಡಿಗರಿಗೆ ಮುಟ್ಟದೇ ಬಿದ್ದಿರುವ ಸಂಶೋಧನೆಯ ರಾಶಿಯೇ ಇದೆ.

ಸಿಲಬಸ್‌ನಲ್ಲಿರೋ ಸಿನಿಮಾ ಎಲ್ಲೂ ಸಿಗಲ್ಲ!

ವಿಭಾಗದ ಸಂಗ್ರಹ ಮೊದಲು, ಮುಬಿಯಂಥ ಒಟಿಟಿ ಆಮೇಲೆ. ವರ್ಷಕ್ಕೊಂದು ಚಿತ್ರೋತ್ಸವವನ್ನಾದರೂ ಬಿಡಬೇಡಿ: ಬೆಂಗಳೂರಿನದು, ಗೋವಾದ ಇಫಿ, ತಿರುವನಂತಪುರದ ಐಎಫ್‌ಎಫ್‌ಕೆ. ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸ್ ಇದೆಯೇ ಎಂದು ವಿಚಾರಿಸಿ. ಹಳೆಯ ಭಾರತೀಯ ಚಿತ್ರಗಳ ಸಂಶೋಧನೆಗೆ 1964ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇದೆ. ಅಧ್ಯಾಪಕರ ಪತ್ರ ತೆಗೆದುಕೊಂಡು ಹೋಗಿ.

## ಡಿಸರ್ಟೇಶನ್ ಮತ್ತು ಆಮೇಲೆ

ಡಿಸರ್ಟೇಶನ್‌ಗೆ ‘ಲ್ಯಾಟಿನ್ ಅಮೆರಿಕದ ಕಾದಂಬರಿ ಮತ್ತು ಕನ್ನಡ ಕಾದಂಬರಿ’ ಅಂತ ಇಟ್ಟಿದೀನಿ. ಗೈಡ್ ಬೇಡ ಅಂತಾರೆ.

ಗೈಡ್ ಹೇಳಿದ್ದು ಸರಿ. ಎರಡು ಖಂಡಗಳನ್ನು ಎಂಬತ್ತು ಪುಟದ ಕಿರುಪ್ರಬಂಧಕ್ಕೆ ತುಂಬಲಾಗದು. ವಿಷಯ ಸಣ್ಣದಾಗಬೇಕು, ಹೋಲಿಕೆಗೆ ಕಾರಣ ಇರಬೇಕು. ‘ಎರಡರಲ್ಲೂ ಹಳ್ಳಿ ಬರುತ್ತದೆ’ ಎಂಬುದು ಕಾರಣವಲ್ಲ.

ಕಾರಣ ಇರುವ ಹೋಲಿಕೆಯೊಂದು ಹೀಗಿರುತ್ತದೆ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಸಾಗರ, ಹೊಸನಗರ ಸೀಮೆಯ ಊರುಗಳು ನೀರಿನಡಿ ಹೋದವು. ನಾ. ಡಿಸೋಜ ಅವರು ಆ ಮುಳುಗಡೆಯ ಬಗ್ಗೆ ಬರೆದರು. ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು. ಅತ್ತ ಚೀನಾದಲ್ಲಿ ಯಾಂಗ್‌ಟ್ಸಿ ನದಿಗೆ ತ್ರೀ ಗಾರ್ಜಸ್ ಅಣೆಕಟ್ಟು ಏರುತ್ತಿದ್ದಾಗ, ಕೆಡವುತ್ತಿದ್ದ ಫೆಂಗ್‌ಜೀ ಪಟ್ಟಣದಲ್ಲೇ ಜಿಯಾ ಜಾಂಗ್‌ಕೆ ‘ಸ್ಟಿಲ್ ಲೈಫ್’ ಚಿತ್ರೀಕರಿಸಿದರು. ಅದಕ್ಕೆ 2006ರಲ್ಲಿ ವೆನಿಸ್‌ನ ಸ್ವರ್ಣ ಸಿಂಹ ಬಂತು. ಎರಡೂ ಕಡೆ ರಾಜ್ಯಶಕ್ತಿ, ಅಭಿವೃದ್ಧಿಯ ಮಾತು, ಏರುತ್ತಿರುವ ನೀರು. ಒಂದು ಕಡೆ ಊರು ಬಿಡದ ಒಂದು ಮನೆ, ಇನ್ನೊಂದು ಕಡೆ ಊರು ಕೆಡವಲು ಬಂದ ಕೂಲಿಗಳು ಮತ್ತು ಕಳೆದುಹೋದವರನ್ನು ಹುಡುಕಿ ಬಂದವರು. ನೀರನ್ನು ಈ ಎರಡು ಕ್ಯಾಮೆರಾಗಳು ಹೇಗೆ ನೋಡುತ್ತವೆ ಎಂಬುದೊಂದೇ ಪ್ರಶ್ನೆಗೆ ಎಂಬತ್ತು ಪುಟ ಬೇಕಾಗುತ್ತದೆ.

ಇನ್ನೆರಡು ದಾರಿ: ವಿವೇಕ ಶಾನಭಾಗರು ಸಂಪಾದಿಸುತ್ತಿದ್ದ ‘ದೇಶ ಕಾಲ’ದಂಥ ಪತ್ರಿಕೆಯಲ್ಲಿ ಬಂದ ಅನುವಾದಗಳನ್ನು ಪಟ್ಟಿಮಾಡಿ, ಕನ್ನಡ ಯಾವ ಜಗತ್ತನ್ನು ಆರಿಸಿಕೊಂಡಿತು ಎಂದು ನೋಡುವುದು. ಅಥವಾ 1980ರ ದಶಕದಲ್ಲಿ ನೀನಾಸಂ ತನ್ನ ‘ಜನಸ್ಪಂದನ’ ಯೋಜನೆಯಲ್ಲಿ ಹಳ್ಳಿಗಳಿಗೆ ಸಿನಿಮಾ ಒಯ್ದಾಗ ನೋಡಿದವರನ್ನು, ಅವರು ಇನ್ನೂ ಇರುವಾಗಲೇ, ಮಾತಾಡಿಸುವುದು. ಎರಡನೆಯದನ್ನು ಯಾರಾದರೂ ಬೇಗ ಮಾಡಬೇಕು.

ಡಿಸರ್ಟೇಶನ್ ಕನ್ನಡದಲ್ಲಿ ಬರೀಬಹುದಾ?

ಕನ್ನಡ ವಿಭಾಗಗಳಲ್ಲಿ ಬರೆಯಬಹುದು. ಮೇಲೆ ಹೇಳಿದ ಹೊರರಾಜ್ಯದ ವಿಭಾಗಗಳಲ್ಲಿ ಸಾಮಾನ್ಯವಾಗಿ ಇಂಗ್ಲಿಷ್. ಆಮೇಲೆ ಒಂದು ಅಧ್ಯಾಯವನ್ನಾದರೂ ಕನ್ನಡದಲ್ಲಿ ಮತ್ತೆ ಬರೆದು ಪತ್ರಿಕೆಗೆ ಕಳಿಸಿ. ಹಾಗೆ ಮಾಡುವವರು ಕಡಿಮೆ. ಅಣ್ಣನಿಗೋ ಅಕ್ಕನಿಗೋ ನೀವೇನು ಓದಿದಿರಿ ಎಂದು ತಿಳಿಯುವುದೂ ಆಗಲೇ.

ನೆಟ್ ಯಾವ ವಿಷಯದಲ್ಲಿ ಬರೀಬೇಕು?

ಅಧ್ಯಾಪಕ ಹುದ್ದೆಯ ಅರ್ಹತಾ ಪರೀಕ್ಷೆಯಾದ ಯುಜಿಸಿ–ನೆಟ್‌ನಲ್ಲಿ ತೌಲನಿಕ ಸಾಹಿತ್ಯ ಒಂದು ಪ್ರತ್ಯೇಕ ವಿಷಯ. ಸಿನಿಮಾ ಓದಿದವರು ಹೆಚ್ಚಾಗಿ ಸಮೂಹ ಸಂವಹನ ಮತ್ತು ಪತ್ರಿಕೋದ್ಯಮದಲ್ಲಿ ಬರೆಯುತ್ತಾರೆ. ಎರಡು ಪತ್ರಿಕೆ, 150 ಪ್ರಶ್ನೆ, 300 ಅಂಕ, 3 ಗಂಟೆ. ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಸಿಕ್ಕರೆ ತಿಂಗಳಿಗೆ 37,000 ರೂಪಾಯಿ (2023ರ ಪರಿಷ್ಕರಣೆ). 2024ರಿಂದ ನೆಟ್ ಅಂಕವನ್ನು ಪಿಎಚ್‌.ಡಿ. ಪ್ರವೇಶಕ್ಕೂ ಪರಿಗಣಿಸುತ್ತಾರೆ.

ಮಗಳು ಇದನ್ನೇ ಓದ್ತೀನಿ ಅಂತ ಹಟ ಹಿಡಿದಿದ್ದಾಳೆ. ಕೆಲಸ ಸಿಗುತ್ತಾ, ಇಲ್ವಾ? ಒಂದು ಮಾತಲ್ಲಿ ಹೇಳಿ.

ಒಂದು ಮಾತಿನಲ್ಲಿ ಹೇಳುವುದಾದರೆ, ಸುಲಭವಾಗಿ ಸಿಗುವುದಿಲ್ಲ. ಈಗ ವಿವರ.

ಸರ್ಕಾರಿ ಕಾಲೇಜುಗಳಲ್ಲಿ ಹುದ್ದೆ ಕರೆಯುವುದು ಕನ್ನಡ, ಇಂಗ್ಲಿಷ್, ಪತ್ರಿಕೋದ್ಯಮ ಎಂಬ ಹೆಸರುಗಳಲ್ಲಿ. ತೌಲನಿಕ ಸಾಹಿತ್ಯದ ಎಂ.ಎ. ಇಟ್ಟುಕೊಂಡು ಇಂಗ್ಲಿಷ್ ಹುದ್ದೆಗೆ ಅರ್ಜಿ ಹಾಕಿದಾಗ ‘ಸಂಬಂಧಿತ ವಿಷಯವಲ್ಲ’ ಎಂಬ ತಕರಾರು ಏಳಬಹುದು. ಆದ್ದರಿಂದ ಸೇರುವ ಮೊದಲೇ ಹಿಂದಿನ ನೇಮಕಾತಿ ಅಧಿಸೂಚನೆಯನ್ನು ತೆಗೆದು, ಯಾವ ಸ್ನಾತಕೋತ್ತರ ಪದವಿ ಎಂದು ಬರೆದಿದೆ ನೋಡಿ. ಪಾಠ ಮಾಡುವುದೇ ಗುರಿಯಾದರೆ ಕನ್ನಡ ಅಥವಾ ಇಂಗ್ಲಿಷ್ ಎಂ.ಎ. ಮಾಡಿ, ಪಿಎಚ್‌.ಡಿ.ಯಲ್ಲಿ ಈ ಕಡೆ ತಿರುಗುವುದು ಜಾಣತನ. ಬಹಳ ಜನ ಇದನ್ನು ಹೇಳುವುದಿಲ್ಲ, ವಿಭಾಗಕ್ಕೆ ವಿದ್ಯಾರ್ಥಿಗಳು ಬೇಕಲ್ಲ.

ಪಾಠ ಬಿಟ್ಟರೆ ಸಬ್‌ಟೈಟಲ್, ಡಬ್ಬಿಂಗ್ ಬರವಣಿಗೆ, ಪ್ರಕಾಶನ ಸಂಸ್ಥೆಗಳ ಸಂಪಾದಕೀಯ, ಅನುವಾದ, ಚಿತ್ರೋತ್ಸವಗಳ ಆಯ್ಕೆ ಕೆಲಸ, ಆರ್ಕೈವ್, ಒಟಿಟಿ ಕಂಪನಿಗಳು. ಕನ್ನಡ–ಇಂಗ್ಲಿಷ್ ಎರಡನ್ನೂ ತಪ್ಪಿಲ್ಲದೆ ಬರೆಯಬಲ್ಲವರಿಗೆ ಕೆಲಸ ಇದೆ, ಆದರೆ ಹೆಚ್ಚಿನದು ಗುತ್ತಿಗೆಯದು, ತಿಂಗಳ ಸಂಬಳದ್ದಲ್ಲ. ಮನೆಯಲ್ಲಿ ಸಾಲವಿದ್ದು ಎರಡು ವರ್ಷದ ನಂತರ ಮಗಳ ಸಂಬಳ ಬರಲೇಬೇಕು ಎಂದಿದ್ದರೆ ಅದನ್ನು ಅವಳಿಗೆ ಬಾಯಿಬಿಟ್ಟು ಹೇಳಿ. ಜೊತೆಗೆ ಬಿ.ಎಡ್. ಮಾಡುತ್ತಾಳೋ, ಅನುವಾದದ ಕೆಲಸ ಈಗಿನಿಂದಲೇ ಹಿಡಿಯುತ್ತಾಳೋ ಅವಳೇ ಯೋಚಿಸಲಿ. ಹಟ ಹಿಡಿದವರು ಸಾಮಾನ್ಯವಾಗಿ ದಾರಿಯನ್ನೂ ಹುಡುಕಿಕೊಳ್ಳುತ್ತಾರೆ, ಆದರೆ ಅದಕ್ಕೆ ನಾನು ಜಾಮೀನು ನಿಲ್ಲಲಾರೆ.

ಫಾರಿನ್‌ಗೆ ಹೋಗ್ಬೇಕು, ದುಡ್ಡಿಲ್ಲ. ದಾರಿ ಇದೆಯಾ?

ಬ್ರಿಟನ್ನಿನಲ್ಲಿ ಎಂ.ಎ. ಒಂದೇ ವರ್ಷ, ಶುಲ್ಕ ಹೆಚ್ಚು. ಫೆಲಿಕ್ಸ್ ವಿದ್ಯಾರ್ಥಿವೇತನ ಲಂಡನ್ನಿನ ಸೋಯಸ್, ಆಕ್ಸ್‌ಫರ್ಡ್, ರೆಡಿಂಗ್‌ಗಳಲ್ಲಿ ಓದುವ ಭಾರತೀಯರಿಗೆ ಇದೆ. ಬ್ರಿಟನ್ ಸರ್ಕಾರದ ವಿದ್ಯಾರ್ಥಿವೇತನ ಚೀವನಿಂಗ್‌ಗೆ 2,800 ಗಂಟೆಗಳ ಕೆಲಸದ ಅನುಭವ ಬೇಕು, ಮುಗಿದ ಮೇಲೆ ಎರಡು ವರ್ಷ ದೇಶಕ್ಕೆ ಮರಳಿ ಇರಬೇಕು. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಬೋಧನಾ ಶುಲ್ಕವಿಲ್ಲ (ಬಾಡೆನ್–ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೊ), ಆದರೆ ವೀಸಾಕ್ಕೆ ಒಂದು ವರ್ಷದ ಖರ್ಚನ್ನು ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆ) ತೋರಿಸಬೇಕು, ಸಾಹಿತ್ಯದ ಕೋರ್ಸುಗಳು ಹೆಚ್ಚಾಗಿ ಜರ್ಮನ್ ಕೇಳುತ್ತವೆ.

ಪರಿಶಿಷ್ಟ ಜಾತಿ, ಪಂಗಡದವರಿಗೆ ವಿದೇಶದ ಓದಿಗೆ ಕರ್ನಾಟಕ ಸರ್ಕಾರದ ಪ್ರಬುದ್ಧ ಯೋಜನೆ ಇದೆ. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್‌ನ 2022ರ ಮಾರ್ಗಸೂಚಿ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜ ಕುರಿತ ವಿಷಯಗಳನ್ನು ಹೊರಗಿಟ್ಟಿತು. ನಮ್ಮ ಓದಿಗೆ ನೇರ ಪೆಟ್ಟು ಬಿದ್ದದ್ದು ಅದು. ಅರ್ಜಿ ಹಾಕುವ ವರ್ಷದ ನಿಯಮವನ್ನು ಪೂರ್ತಿ ಓದಿಯೇ ವಿಷಯದ ತಲೆಬರಹ ಬರೆಯಿರಿ.

ಪಿಎಚ್‌.ಡಿ.ಗೆ ಪ್ರೊಫೆಸರ್‌ಗಳಿಗೆ ಮೇಲ್ ಹಾಕ್ತಾನೇ ಇದೀನಿ. ಒಬ್ಬರೂ ಉತ್ತರ ಕೊಡಲ್ಲ.

‘ಗೌರವಾನ್ವಿತ ಸರ್/ಮೇಡಂ, ತಮ್ಮ ಅಮೂಲ್ಯ ಮಾರ್ಗದರ್ಶನದಲ್ಲಿ’ ಎಂದು ಮೂವತ್ತು ಜನಕ್ಕೆ ಒಂದೇ ಪತ್ರ ಕಳಿಸಿದ್ದರೆ ಉತ್ತರ ಬರದು. ಒಬ್ಬರನ್ನು ಆರಿಸಿ. ಅವರ ಒಂದು ಲೇಖನ ಓದಿ. ಪತ್ರ ಹತ್ತು ಹದಿನೈದು ಸಾಲು ಮೀರದಿರಲಿ: ನೀವು ಯಾರು, ಯಾವ ಭಾಷೆಗಳನ್ನು ಓದಬಲ್ಲಿರಿ, ಯಾವ ಎರಡು ಮೂರು ಕೃತಿಗಳ ಮೇಲೆ ಯಾವ ಪ್ರಶ್ನೆ, ಅವರ ಲೇಖನದ ಯಾವ ಮಾತು ನಿಮ್ಮ ಪ್ರಶ್ನೆಗೆ ತಾಗುತ್ತದೆ ಅಥವಾ ಎಲ್ಲಿ ನಿಮಗೆ ಒಪ್ಪಿಗೆಯಿಲ್ಲ. ಜೊತೆಗೆ ಐದಾರು ಪುಟದ ಬರಹದ ಮಾದರಿ, ಪಿಡಿಎಫ್‌ನಲ್ಲಿ, ಫೈಲಿಗೆ ನಿಮ್ಮ ಹೆಸರಿಟ್ಟು. ಎಂಬತ್ತು ಪುಟದ ಡಿಸರ್ಟೇಶನ್ ಕಳಿಸಬೇಡಿ, ತೆರೆಯುವವರಿಲ್ಲ. ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ. ಆಗಲೂ ಉತ್ತರವಿಲ್ಲದಿದ್ದರೆ ಇನ್ನೊಬ್ಬರಿಗೆ ಬರೆಯಿರಿ, ಪತ್ರವನ್ನು ಮೊದಲಿನಿಂದ ಹೊಸದಾಗಿ.